ಮದಕ, ಕಟ್ಟ, ದಂಬೆ ಮತ್ತು ಹೊಸ ಫೋನು

ದೋಹಾದಿಂದ ರಜೆಗೆ ಬಂದಿದ್ದ ತಮ್ಮ ಹೊರಡುವ ದಿನ ಬೆಳಿಗ್ಗೆ ತನ್ನ ಐಫೋನ್ 15 ತಂದು ನನ್ನ ಕೈಯಲ್ಲಿಟ್ಟ. "ಅಣ್ಣಾ, ಎನಗೆ ಆಪೀಸಿಂದ ಬೇರೆ ಕೊಟ್ಟಿದವು. ಇದು ನಿನಗಿರಳಿ" ಎಂದ. 2024ರ ಜುಲೈ ತಿಂಗಳು. ಹೊರಗೆ ಮಳೆ ಜಡಿಯುತ್ತಿತ್ತು. ನನಗೆ ಖುಷಿಯಾಯಿತು. ಜೊತೆಗೆ ಹೆದರಿಕೆಯೂ ಆಯಿತು.

ಹತ್ತು ವರ್ಷದಿಂದ ನಾನು ಆಂಡ್ರಾಯ್ಡ್ ಬಿಟ್ಟು ಬೇರೆ ಫೋನು ಹಿಡಿದವನಲ್ಲ. ಆಗ ಕೈಯಲ್ಲಿದ್ದ ಫೋನಿಗೆ ಐದು ವರ್ಷ ಆಗಿತ್ತು. ಸೆಕ್ಯೂರಿಟಿ ಅಪ್‌ಡೇಟ್ ಬರುವುದು ನಿಂತಿತ್ತು. ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಬದಲಿಸಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಹೆದರಿಕೆ ಇದ್ದದ್ದು ಅದರೊಳಗೆ ಇದ್ದದ್ದರ ಬಗ್ಗೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಕನ್ನಡ ಮಾಸ್ಟ್ರು. ನಮ್ಮ ಕಡೆ ಗುಡ್ಡದ ಬದಿಯಲ್ಲಿ ಸುರಂಗಗಳಿವೆ. ಮುರಕಲ್ಲನ್ನು, ಅಂದರೆ ಜಂಬಿಟ್ಟಿಗೆ ಕಲ್ಲನ್ನು, ಅಡ್ಡಕ್ಕೆ ಕೊರೆಯುತ್ತಾ ಒಬ್ಬ ಮನುಷ್ಯ ಒಳಗೆ ಹೋಗುತ್ತಾನೆ, ನೀರಿನ ಒಸರು ಸಿಗುವ ತನಕ. ಸಿಕ್ಕಿದ ಮೇಲೆ ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಕಾಸರಗೋಡಿನ ಉತ್ತರ ಭಾಗ ಮತ್ತು ಅದಕ್ಕೆ ತಾಗಿದ ದಕ್ಷಿಣ ಕನ್ನಡದ ಊರುಗಳಲ್ಲಿ ಎಷ್ಟೋ ಮನೆಗಳು ಈ ನೀರಿನಲ್ಲೇ ಬದುಕಿವೆ. ನಾಲ್ಕು ವರ್ಷದಿಂದ ಶಾಲೆಯ ಮಕ್ಕಳ ಜೊತೆ ಸೇರಿ ಊರಿನ ಸುರಂಗಗಳ ಲೆಕ್ಕ ಬರೆಯುತ್ತಿದ್ದೇನೆ. ಯಾರ ಜಾಗ, ಯಾರು ಕೊರೆದದ್ದು, ಎಷ್ಟು ಕೋಲು ಉದ್ದ, ಬೇಸಿಗೆಯಲ್ಲಿ ನೀರು ಎಷ್ಟು. ಅರುವತ್ತರ ಮೇಲೆ ಆಗಿದೆ. ಹಿರಿಯರ ಮಾತುಗಳನ್ನು ಫೋನಿನಲ್ಲೇ ರೆಕಾರ್ಡ್ ಮಾಡಿದ್ದೇನೆ. ಒಬ್ಬರು ತುಳುವಿನಲ್ಲಿ, ಒಬ್ಬರು ಮಲಯಾಳದಲ್ಲಿ, ಒಬ್ಬರು ನಮ್ಮ ಹವ್ಯಕ ಕನ್ನಡದಲ್ಲಿ ಹೇಳಿದ್ದಾರೆ. ಅವರಲ್ಲಿ ಮೂವರು ಈಗ ಇಲ್ಲ.

ಇದೆಲ್ಲ ಇದ್ದದ್ದು ಆ ಹಳೆ ಫೋನಿನಲ್ಲಿ. ಸುರಂಗದ ಬಾಯಿಯ ಫೋಟೋಗಳು, ರೆಕಾರ್ಡಿಂಗ್‌ಗಳು, ವಾಟ್ಸಾಪಿನಲ್ಲಿ ಹಿರಿಯರ ಮೊಮ್ಮಕ್ಕಳು ಕಳಿಸಿದ ಸ್ವರಗಳು, ಅಂದರೆ ವಾಯ್ಸ್ ಮೆಸೇಜುಗಳು. ಹೊಸ ಫೋನಿನ ಕ್ಯಾಮೆರಾ ಎಷ್ಟು ಒಳ್ಳೆಯದು ಅಂತ ತಮ್ಮ ಹೇಳುತ್ತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಇವು ಆಚೆ ಬರುತ್ತವಾ?

ಮೊದಲ ತಡೆ ಅಂದೇ ರಾತ್ರಿ ಸಿಕ್ಕಿತು. ಆಂಡ್ರಾಯ್ಡಿನಿಂದ ಐಫೋನಿಗೆ ಎಲ್ಲವನ್ನೂ ಸಾಗಿಸಲು ಆಪಲ್ ಕಂಪೆನಿಯದ್ದೇ ಒಂದು ಆಪ್ ಇದೆ, ಮೂವ್ ಟು ಐಓಎಸ್ ಅಂತ. ಹಳೆ ಫೋನಿಗೆ ಪ್ಲೇ ಸ್ಟೋರಿನಿಂದ ಹಾಕಿಕೊಳ್ಳಬೇಕು. ಆದರೆ ಐಫೋನು ಹೊಸದಾಗಿರಬೇಕು, ಇಲ್ಲದಿದ್ದರೆ ಪೂರ್ತಿ ಅಳಿಸಿ ಮೊದಲಿನಿಂದ ಶುರು ಮಾಡಬೇಕು. ತಮ್ಮ ಬಳಸುತ್ತಿದ್ದ ಫೋನು ಅಲ್ವಾ, ಅಳಿಸಲು ಹೋದರೆ ಅವನ ಆಪಲ್ ಖಾತೆಯ ಪಾಸ್‌ವರ್ಡ್ ಕೇಳಿತು. ಅವನು ಆಗ ವಿಮಾನದಲ್ಲಿದ್ದ. ಮರುದಿನ ಅವನು ಇಳಿದು, ನಿದ್ದೆ ಮುಗಿಸಿ, ಕರೆ ಮಾಡಿದ ಮೇಲೆ ಕೆಲಸ ಮುಂದುವರಿಯಿತು. ಯಾರದ್ದಾದರೂ ಬಳಸಿದ ಐಫೋನು ತೆಗೆದುಕೊಳ್ಳುವವರು ಇದನ್ನು ಮನಸ್ಸಿನಲ್ಲಿಡಿ. ಕೊಡುವವರು ಎದುರಿಗಿರುವಾಗಲೇ ಅವರ ಖಾತೆಯಿಂದ ಹೊರಬಂದು ಫೋನನ್ನು ಅಳಿಸಿಕೊಡಬೇಕು. ಇಲ್ಲದಿದ್ದರೆ ಅದು ಬೀಗ ಹಾಕಿದ ಪೆಟ್ಟಿಗೆ.

ಆ ಒಂದು ದಿನದ ಬಿಡುವು ಒಳ್ಳೆಯದೇ ಆಯಿತು. ಕೂತು ಹಳೆ ಫೋನನ್ನು ಓರಣ ಮಾಡಿದೆ. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಸ್ಟೋರೇಜ್ ತೆರೆದರೆ ತುಂಬಾ ಸಲ ಫಾರ್ವರ್ಡ್ ಆದದ್ದನ್ನು ಬೇರೆಯೇ ತೋರಿಸುತ್ತದೆ. ಶುಭೋದಯದ ಹೂಗಳು, ಯಾರದ್ದೋ ಭಾಷಣ, ನಾಲ್ಕು ಗುಂಪಿನಲ್ಲಿ ಬಂದ ಒಂದೇ ವಿಡಿಯೋ. ಒಂಬತ್ತು ಜಿಬಿ ಅಲ್ಲಿಂದಲೇ ಖಾಲಿಯಾಯಿತು.

ಆಮೇಲೆ ಹೆಸರುಗಳು. ನನ್ನ ಫೋನಿನಲ್ಲಿ ಜನರ ಹೆಸರೆಲ್ಲ ಕನ್ನಡ ಲಿಪಿಯಲ್ಲಿವೆ. ಹೆಸರಿನ ಕೊನೆಗೆ ಒಂದು ಗುರುತು: ಕ, ತು, ಮ, ಬ್ಯಾ, ಕೊಂ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ. ಕರೆ ಬಂದಾಗ ಯಾವ ಭಾಷೆಯಲ್ಲಿ ಹಲೋ ಹೇಳಬೇಕು ಅಂತ ಗೊತ್ತಾಗಲಿ ಅಂತ ಮಾಡಿಕೊಂಡದ್ದು. ಸಪ್ತಭಾಷೆಯ ಊರಿನಲ್ಲಿ ಇದು ಬೇಕಾಗುತ್ತದೆ. ನೋಡಿದರೆ ಈ ಹೆಸರುಗಳು ಮೂರು ಕಡೆ ಹರಡಿದ್ದವು. ಕೆಲವು ಸಿಮ್ಮಿನಲ್ಲಿ, ಕೆಲವು ಫೋನಿನಲ್ಲಿ, ಉಳಿದವು ಗೂಗಲ್ ಖಾತೆಯಲ್ಲಿ. ಎಲ್ಲವನ್ನೂ ಗೂಗಲ್ ಖಾತೆಗೆ ಸೇರಿಸಿದೆ. ಹಾಗೆ ಮಾಡಿದರೆ ಐಫೋನಿನಲ್ಲಿ ಆ ಖಾತೆ ಹಾಕಿದ ಕೂಡಲೇ ಹೆಸರುಗಳು ಬಂದುಬಿಡುತ್ತವೆ. ಬೇರೆ ಏನು ಕೈಕೊಟ್ಟರೂ ಅವು ಉಳಿಯುತ್ತವೆ.

ರೆಕಾರ್ಡಿಂಗ್‌ಗಳ ವಿಷಯದಲ್ಲಿ ನಾನು ಯಾವ ಆಪನ್ನೂ ನಂಬಲಿಲ್ಲ. ಹಳೆ ಫೋನಿಗೆ ಪೆನ್‌ಡ್ರೈವ್ ಸಿಕ್ಕಿಸಿ ರೆಕಾರ್ಡಿಂಗ್ ಫೋಲ್ಡರನ್ನು ಪೂರ್ತಿ ಅದಕ್ಕೆ ಹಾಕಿದೆ. ಇನ್ನೊಂದು ಪ್ರತಿ ಶಾಲೆಯ ಕಂಪ್ಯೂಟರಿಗೆ. 2023ರಲ್ಲಿ ಬಂದ ಐಫೋನ್ 15ರಿಂದ ಟೈಪ್ ಸಿ ತೂತೇ ಇದೆ. ಹಾಗಾಗಿ ಅದೇ ಪೆನ್‌ಡ್ರೈವ್ ಅದಕ್ಕೂ ಹಿಡಿಸುತ್ತದೆ. ಫೈಲ್ಸ್ ಅನ್ನುವ ಆಪಿನಲ್ಲಿ ಅದು ಕಾಣುತ್ತದೆ, ಅಲ್ಲಿಂದ ಫೋನಿಗೆ ಇಳಿಸಿಕೊಳ್ಳಬಹುದು.

ವಾಟ್ಸಾಪಿನ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಯಾಕೆಂದರೆ ನನ್ನ ಜೊತೆಯ ಮೂವರು ಮಾಸ್ಟ್ರುಗಳು ಇಲ್ಲೇ ತಪ್ಪಿ ವರ್ಷಗಟ್ಟಲೆಯ ಮಾತು ಕಳಕೊಂಡಿದ್ದಾರೆ. ಸೆಟ್ಟಿಂಗ್ಸಿನಲ್ಲಿ ಹೇಳಿಟ್ಟಿದ್ದರೆ ಆಂಡ್ರಾಯ್ಡಿನ ವಾಟ್ಸಾಪ್ ಗೂಗಲ್ ಖಾತೆಗೆ ಬ್ಯಾಕಪ್ ಮಾಡುತ್ತದೆ. ಐಫೋನಿನಲ್ಲಿ ವಾಟ್ಸಾಪ್ ಹಾಕಿದರೆ ಅದೇ ಬ್ಯಾಕಪ್ ಬರುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ. ಬರುವುದಿಲ್ಲ. ಐಫೋನಿನ ವಾಟ್ಸಾಪ್ ನೋಡುವುದು ಐಕ್ಲೌಡನ್ನು ಮಾತ್ರ. ಒಂದರ ಬ್ಯಾಕಪ್ ಇನ್ನೊಂದಕ್ಕೆ ಓದಲು ಬರುವುದಿಲ್ಲ. 2022ರಿಂದ ಮೂವ್ ಟು ಐಓಎಸ್ ಆಪಿನ ಒಳಗಿಂದಲೇ ವಾಟ್ಸಾಪನ್ನು ಸಾಗಿಸುವ ದಾರಿ ಸಿಕ್ಕಿದೆ. ಆದರೆ ಅದಕ್ಕೆ ಐಫೋನು ಮೊದಲ ಸಲ ಸಜ್ಜಾಗುವಾಗಲೇ ಮಾಡಬೇಕು, ಎರಡೂ ಫೋನಿನಲ್ಲಿ ಒಂದೇ ನಂಬರು ಇರಬೇಕು. ಮೊದಲು ಐಫೋನು ಶುರು ಮಾಡಿ, ಆಮೇಲೆ ನಿಧಾನಕ್ಕೆ ವಾಟ್ಸಾಪ್ ನೋಡೋಣ ಅಂದರೆ ಮತ್ತೆ ಫೋನನ್ನು ಅಳಿಸಿ ಮೊದಲಿನಿಂದ ಬರಬೇಕಾಗುತ್ತದೆ.

ಶನಿವಾರ ರಾತ್ರಿ ಒಂಬತ್ತೂವರೆಗೆ ಕೂತೆ. ಎರಡೂ ಫೋನನ್ನು ಇನ್‌ವರ್ಟರಿನ ಪ್ಲಗ್ಗಿಗೆ ಹಾಕಿದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳುವ ಹಾಗಿಲ್ಲ. ಮನೆಯ ವೈಫೈ ಬೇಡ, ಐಫೋನು ತಾನೇ ಒಂದು ಸಣ್ಣ ವೈಫೈ ಹುಟ್ಟಿಸಿಕೊಳ್ಳುತ್ತದೆ. ಐಫೋನಿನ ಪರದೆಯಲ್ಲಿ ಅಂಕೆಗಳು ಬಂದವು. ಹಳೆ ಫೋನಿನಲ್ಲಿ ಅವನ್ನು ಒತ್ತಿದೆ. ಏನೇನು ಬೇಕು ಅಂತ ಪಟ್ಟಿ ಬಂತು: ಸಂಪರ್ಕಗಳು, ಮೆಸೇಜುಗಳು, ಫೋಟೋ, ಕ್ಯಾಲೆಂಡರ್, ವಾಟ್ಸಾಪ್. ವಾಟ್ಸಾಪ್ ಒತ್ತಿದರೆ ಅದು ಹಳೆ ಫೋನಿನ ವಾಟ್ಸಾಪನ್ನೇ ತೆರೆಯಿತು. ಅಲ್ಲಿ ಶುರು ಅಂತ ಒತ್ತಿದ ಮೇಲೆ ಕಟ್ಟು ಕಟ್ಟುವ ಕೆಲಸ ನಡೆಯಿತು, ಸುಮಾರು ನಲುವತ್ತು ನಿಮಿಷ. ಕಟ್ಟಿ ಆದ ಕೂಡಲೇ ಹಳೆ ಫೋನಿನಲ್ಲಿ ವಾಟ್ಸಾಪ್ ಲಾಗ್‌ಔಟ್ ಆಯಿತು. ಎದೆ ಧಸಕ್ ಅಂದಿತು. ಆದರೆ ಅದು ಹಾಗೇ ಆಗಬೇಕಾದದ್ದು. ಹಳೆ ಫೋನಿನಿಂದ ಏನೂ ಅಳಿಸಿ ಹೋಗುವುದಿಲ್ಲ.

ಮಧ್ಯೆ ಹಳೆ ಫೋನು ಒಂದು ಎಚ್ಚರಿಕೆ ತೋರಿಸಿತು, ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ, ಬದಲಿಸಲೇ ಅಂತ. ಬದಲಿಸಬಾರದು. ಇದ್ದಲ್ಲೇ ಇರಲಿ ಅನ್ನಬೇಕು. ಮೊಬೈಲ್ ಡೇಟಾ ಮೊದಲೇ ಬಂದ್ ಮಾಡಿದ್ದೆ.

ಸಾಗಣೆ ಎಷ್ಟಾಯಿತು ಅಂತ ತೋರಿಸುವ ಐಫೋನಿನ ಗೀಟು ಅರ್ಧಕ್ಕಿಂತ ಮುಂದೆ ಹೋಗಿತ್ತು. ಗಂಟೆ ಹನ್ನೊಂದು ಸಮೀಪ. ಆಗ ಹಳೆ ಫೋನು ರಿಂಗಾಯಿತು. ದೊಡ್ಡಪ್ಪನ ಮಗ, ಬುಧವಾರದ ತಿಥಿಗೆ ಹೇಳಿಕೆ. ಅಷ್ಟು ಹೊತ್ತಿಗೆ ಕರೆ ಬಂದರೆ ಯಾರಿಗೆ ಏನಾಯಿತೋ ಅಂತ ಕೈ ತಾನಾಗಿ ಹೋಗುತ್ತದೆ. ಎತ್ತಿದೆ. ಮಾತು ಮುಗಿಸಿ ನೋಡಿದರೆ ಐಫೋನಿನ ಗೀಟು ನಿಂತಿತ್ತು. ಹತ್ತು ನಿಮಿಷ ಕಾದೆ. ಅಲ್ಲಾಡಲಿಲ್ಲ. ಸಾಗಣೆ ಮುಗಿಯುವ ತನಕ ಹಳೆ ಫೋನಿನಲ್ಲಿ ಕರೆ ಬರಬಾರದು, ಬೇರೆ ಆಪ್ ತೆರೆಯಬಾರದು. ಇದನ್ನು ಓದಿದ್ದೆ, ಆದರೆ ಕರೆಯನ್ನು ತಡೆಯುವ ಏರ್ಪಾಟು ಮಾಡಿರಲಿಲ್ಲ.

ಅಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿದರು, "ಎಂತಾತು? ಇನ್ನೂ ಮುಗುದ್ದಿಲ್ಲೆಯಾ?" ಇಲ್ಲ, ಮೊದಲಿಂದ ಮಾಡಬೇಕು ಅಂದೆ. "ನಾಳೆ ಮಾಡು, ವರಗು" ಅಂದರು. ಮಲಗಲಿಲ್ಲ. ಐಫೋನನ್ನು ಮತ್ತೆ ಅಳಿಸಿದೆ. ಈ ಸಲ ಹಳೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಒಂದನ್ನು ಮಾತ್ರ ಕೈಯಾರೆ ತೆರೆದೆ. ಇಷ್ಟೇ ಬೇಕಾದದ್ದು. ಹೀಗೆ ಮಾಡಿದರೆ ಕರೆ ಬರುವ ದಾರಿಯೇ ಇಲ್ಲ. ಮುಗಿಯುವಾಗ ಎರಡೂವರೆ. ಹಳೆ ಫೋನು ಮುಗಿಯಿತು ಅಂತ ಮೊದಲೇ ಹೇಳಿತು. ಐಫೋನಿನ ಗೀಟು ತುದಿ ಮುಟ್ಟುವ ತನಕ ನಾನು ಕೈ ಹಾಕಲಿಲ್ಲ.

ಸಿಮ್ಮನ್ನು ಬದಲಿಸಿ, ಐಫೋನಿನಲ್ಲಿ ವಾಟ್ಸಾಪ್ ಇಳಿಸಿ, ಅದೇ ನಂಬರು ಕೊಟ್ಟೆ. ಸಾಗಿಸಿದ್ದನ್ನು ತೆರೆಯಲೇ ಅಂತ ಕೇಳಿತು. ಇಲ್ಲಿ ಬಿಟ್ಟು ಮುಂದೆ ಹೋಗುವುದು ಅಂತ ಒತ್ತಿದರೆ ರಾತ್ರಿಯ ಕೆಲಸ ಹಾಳು. ಶುರು ಒತ್ತಿದೆ. ಐದಾರು ನಿಮಿಷದಲ್ಲಿ ಪಟ್ಟಿ ಬಂತು. ಕೆಳಗೆ, ಕೆಳಗೆ ಇಳಿದು 2021ರ ಒಂದು ಸ್ವರ ಒತ್ತಿದೆ. ಮಳೆಯ ಸದ್ದಿನ ಹಿಂದೆ ಒಬ್ಬ ಅಜ್ಜ ತುಳುವಿನಲ್ಲಿ ತನ್ನ ಸುರಂಗಕ್ಕೆ ಎಷ್ಟು ಕೋಲು ಅಂತ ಹೇಳುತ್ತಿದ್ದರು. ಫೋನನ್ನು ಎದೆಗಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ.

ಆಮೇಲಿನ ದಿನಗಳ ಕೆಲಸ ಸಣ್ಣದು ಅಂತ ತಿಳಿದಿದ್ದೆ. ಸಣ್ಣದಾಗಿರಲಿಲ್ಲ.

ನಮ್ಮ ಮನೆ ಗಡಿಗೆ ತಾಗಿಕೊಂಡಿದೆ. ಮನೆಯ ಒಳಗೆ ಕರ್ನಾಟಕದ ಟವರು ಚೆನ್ನಾಗಿ ಸಿಗುತ್ತದೆ, ಶಾಲೆಯಲ್ಲಿ ಕೇರಳದ್ದು. ಹಾಗಾಗಿ ಈ ಕಡೆಯ ಹೆಚ್ಚಿನವರ ಹಾಗೆ ನನ್ನಲ್ಲೂ ಎರಡು ಸಿಮ್. ವಾಟ್ಸಾಪ್ ಇರುವುದು ಕೇರಳದ ನಂಬರಿನಲ್ಲಿ. ಬ್ಯಾಂಕಿಗೆ ಕೊಟ್ಟದ್ದು ಕರ್ನಾಟಕದ್ದು, ಅಪ್ಪನ ಕಾಲದ ಖಾತೆ ವಿಟ್ಲದಲ್ಲಿ ಇರುವ ಕಾರಣ. ಹಳೆ ಫೋನಿನಲ್ಲಿ ಎರಡೂ ಸಿಮ್ ಹಿಡಿಯುತ್ತಿತ್ತು. ಈ ಐಫೋನಿನಲ್ಲಿ ತಟ್ಟೆಗೆ ಒಂದೇ ಸಿಮ್. ಇನ್ನೊಂದು ಇ-ಸಿಮ್ ಆಗಬೇಕು. ಅದು ಚಿಪ್ ಇಲ್ಲದ ಸಿಮ್, ಕ್ಯುಆರ್ ಕೋಡ್ ಹಿಡಿದರೆ ಫೋನಿನ ಒಳಗೇ ಕೂರುತ್ತದೆ. ಕಂಪೆನಿಗೆ ಮೆಸೇಜು ಕಳಿಸಿದೆ, ಈಮೇಲಿಗೆ ಕೋಡ್ ಬಂತು. ಅದೇ ಫೋನಿನ ಪರದೆಯ ಮೇಲಿರುವ ಕೋಡನ್ನು ಅದೇ ಫೋನಿನ ಕ್ಯಾಮೆರಾ ಹಿಡಿಯಲಾರದು ಅಲ್ವಾ, ಹಳೆ ಫೋನಿನಲ್ಲಿ ತೆರೆದು ಇದಕ್ಕೆ ತೋರಿಸಿದೆ. ಒಂದು ಗಂಟೆಯಲ್ಲಿ ಗೆರೆಗಳು ಬಂದವು. ಮಾತಾಡಲು ಆಯಿತು.

ಆದರೆ ಎಸ್ಸೆಮ್ಮೆಸ್ ಬರಲಿಲ್ಲ, ಹೋಗಲೂ ಇಲ್ಲ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ತಡೆದಿಡುತ್ತಾರೆ ಅಂತ ಆಮೇಲೆ ತಿಳಿಯಿತು. ಯಾರಾದರೂ ನಮ್ಮ ಸಿಮ್ಮನ್ನು ಮೋಸದಿಂದ ತಮ್ಮ ಹೆಸರಿಗೆ ಮಾಡಿಕೊಂಡು ಒಟಿಪಿ ತೆಗೆಯಬಾರದು ಅಂತ. ಒಳ್ಳೆಯ ಏರ್ಪಾಟು. ಆದರೆ ಆ ದಿನವೇ ನಮ್ಮ ತೋಟದಲ್ಲಿ ಮದ್ದು ಬಿಡುವವರು ಬಂದಿದ್ದರು. ಜುಲೈಯಲ್ಲಿ ಎರಡು ದಿನ ಬಿಸಿಲು ಬಿದ್ದರೆ ಅಡಿಕೆಗೆ ಬೋರ್ಡೋ ಬಿಡಲೇಬೇಕು, ಕೊಳೆರೋಗ ಕಾಯುವುದಿಲ್ಲ. ಸಂಜೆ ಮಜೂರಿ ಕೊಡುವಾಗ ನನ್ನ ಯುಪಿಐ ನಿಂತಿತ್ತು. ಪೆರ್ಲ ಪೇಟೆಗೆ ಹೋಗಿ ಎಟಿಎಂನಿಂದ ನೋಟು ತಂದು ಕೊಟ್ಟೆ. ಫೋನು ಬದಲಿಸುವ ವಾರದಲ್ಲಿ ಮನೆಯಲ್ಲಿ ಸ್ವಲ್ಪ ನೋಟು ಇಟ್ಟುಕೊಳ್ಳಿ, ದಯವಿಟ್ಟು.

ಎಸ್ಸೆಮ್ಮೆಸ್ ಬಂದ ಮೇಲೆ ಯುಪಿಐ ಆಪನ್ನು ಹೊಸ ಫೋನಿನಲ್ಲಿ ನೋಂದಾಯಿಸಲು ಕೂತೆ. ಇಲ್ಲಿ ಒಂದು ವ್ಯತ್ಯಾಸ ಇದೆ, ತಿಳಿಯದವರು ಗಾಬರಿಯಾಗುತ್ತಾರೆ. ಆಂಡ್ರಾಯ್ಡಿನಲ್ಲಿ ನಂಬರು ನಮ್ಮದೇ ಅಂತ ತೋರಿಸುವ ಎಸ್ಸೆಮ್ಮೆಸನ್ನು ಆಪೇ ಸದ್ದಿಲ್ಲದೆ ಕಳಿಸುತ್ತದೆ. ಐಫೋನಿನಲ್ಲಿ ಆಪ್‌ಗಳಿಗೆ ಹಾಗೆ ಸುಮ್ನೆ ಕಳಿಸಲು ಬಿಡುವುದಿಲ್ಲ. ಮೆಸೇಜಿನ ಪರದೆ ಎದುರಿಗೆ ಬರುತ್ತದೆ. ಅದರಲ್ಲಿ ಅರ್ಥವಿಲ್ಲದ ಅಕ್ಷರಗಳ ಒಂದು ಸಾಲು, ಯಾವುದೋ ನಂಬರಿಗೆ ಹೋಗಲು ತಯಾರಾಗಿ ನಿಂತಿರುತ್ತದೆ. ಬಾಣದ ಗುರುತು ನಾವೇ ಒತ್ತಬೇಕು. ನಾನು ಮೊದಲ ಸಲ ಮೋಸ ಅಂತ ತಿಳಿದು ಹಿಂದೆ ಬಂದೆ. ಬ್ಯಾಂಕಿನಲ್ಲಿ ಕೇಳಿದ ಮೇಲೆ ಧೈರ್ಯ ಬಂತು. ನೋಡಬೇಕಾದದ್ದು ಎರಡು: ಆ ಪರದೆ ನಾವು ತೆರೆದ ಆಪಿನ ಒಳಗಿಂದಲೇ ಬಂದಿರಬೇಕು, ಮತ್ತು ಎರಡು ಸಿಮ್ ಇದ್ದರೆ ಬ್ಯಾಂಕಿನ ನಂಬರಿನಿಂದಲೇ ಹೋಗಬೇಕು. ಅಂಥ ಅಕ್ಷರಗಳನ್ನು ಬೇರೆ ಯಾರಾದರೂ ಕಳಿಸಿ, ಇದನ್ನು ಇಂಥ ನಂಬರಿಗೆ ಕಳಿಸಿ ಅಂದರೆ ಮಾತ್ರ ಕಳಿಸಲೇಬಾರದು. ನಮ್ಮ ಖಾತೆ ಅವರ ಫೋನಿಗೆ ಅಂಟಿಕೊಳ್ಳುತ್ತದೆ. ನನ್ನದು ನೋಂದಾವಣೆ ಆಯಿತು, ಹಳೆ ಪಿನ್ ಅದೇ ನಡೆಯಿತು. ಮೊದಲ ಕೆಲವು ದಿನ ಐದು ಸಾವಿರಕ್ಕಿಂತ ಜಾಸ್ತಿ ಹೋಗಲಿಲ್ಲ, ಆಮೇಲೆ ಸರಿಯಾಯಿತು.

ಫೋಟೋಗಳು ತಾರೀಕು, ಜಾಗದ ಗುರುತು ಸಮೇತ ಬಂದಿದ್ದವು. ಸುರಂಗದ ಕೆಲಸಕ್ಕೆ ಆ ಗುರುತೇ ಮುಖ್ಯ. ಹಿಂದೊಮ್ಮೆ ಮಕ್ಕಳು ತೆಗೆದ ಫೋಟೋಗಳನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಕೆಟ್ಟಿದ್ದೇನೆ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಎಲ್ಲಿ ತೆಗೆದದ್ದು ಅನ್ನುವ ಗುರುತು ಉಳಿಯುವುದಿಲ್ಲ. ಹೊಸ ಫೋನಿನಲ್ಲಿ ತೆಗೆದ ಫೋಟೋ ಮಾತ್ರ ಶಾಲೆಯ ಹಳೆ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಐಫೋನು 2017ರಿಂದ ಎಚ್‌ಇಐಸಿ ಅನ್ನುವ ರೂಪದಲ್ಲಿ ಫೋಟೋ ಉಳಿಸುತ್ತದೆ, ಜಾಗ ಕಡಿಮೆ ಸಾಕಾಗುತ್ತದೆ ಅಂತ. ಕ್ಯಾಮೆರಾ ಸೆಟ್ಟಿಂಗ್ಸಿನ ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪಾಟಿಬಲ್ ಅಂತ ಬದಲಿಸಿದೆ. ಈಗ ಎಲ್ಲ ಕಡೆ ತೆರೆಯುವ ಜೆಪೆಗ್ ಬರುತ್ತದೆ.

ಹಿಂದೆ ಹೋಗುವ ಗುಂಡಿ ಇಲ್ಲದ್ದು, ಎಡ ಅಂಚಿನಿಂದ ಬೆರಳು ಎಳೆಯುವುದು, ಇವೆಲ್ಲ ನಾಲ್ಕು ದಿನದಲ್ಲಿ ಅಭ್ಯಾಸವಾಯಿತು. ಅಭ್ಯಾಸವಾಗದೆ ನಿಂತದ್ದು ಬರೆಯುವುದು.

ಹೊಸ ಫೋನಿಗೆ ಕನ್ನಡ ಕೀಬೋರ್ಡ್ ಹಾಕುವುದು ಸುಲಭ. ಐಫೋನಿನಲ್ಲಿ ಕನ್ನಡ ಮೊದಲೇ ಇದೆ, ಸೆಟ್ಟಿಂಗ್ಸಿನಲ್ಲಿ ಸೇರಿಸಿಕೊಂಡರೆ ಆಯಿತು. ಭೂಗೋಳದ ಗುರುತು ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತದೆ. ಹೊರಗಿನ ಕೀಬೋರ್ಡ್ ಆಪ್‌ಗಳನ್ನೂ ಹಾಕಬಹುದು. ಆದರೆ ಪಾಸ್‌ವರ್ಡ್ ಬರೆಯುವ ಜಾಗದಲ್ಲಿ ಫೋನು ತನ್ನ ಸ್ವಂತ ಕೀಬೋರ್ಡನ್ನೇ ತರುತ್ತದೆ, ಹಾಳಾಯಿತು ಅಂತ ತಿಳಿಯಬೇಡಿ. ನನ್ನ ಕಷ್ಟ ಬೇರೆ. ಹಳೆ ಫೋನಿನ ಕೀಬೋರ್ಡಿಗೆ ನನ್ನ ಶಬ್ದಗಳು ಗೊತ್ತಿದ್ದವು. ಐದು ವರ್ಷ ಬರೆದು ಬರೆದು ಕಲಿಸಿದ್ದೆ. ಮದಕ ಅಂತ ಎರಡು ಅಕ್ಷರ ಒತ್ತುವಾಗಲೇ ಪೂರ್ತಿ ಶಬ್ದ ಬರುತ್ತಿತ್ತು. ಮದಕ ಅಂದರೆ ಗುಡ್ಡದ ತಗ್ಗಿನಲ್ಲಿ ಮಳೆನೀರು ನಿಲ್ಲಿಸುವ ಕೆರೆ. ಕಟ್ಟ ಅಂದರೆ ತೋಡಿಗೆ ಅಡ್ಡವಾಗಿ ಪ್ರತಿ ವರ್ಷ ಹಾಕುವ ಒಡ್ಡು. ದಂಬೆ ಅಂದರೆ ಸುರಂಗದ ನೀರನ್ನು ತೊಟ್ಟಿಗೆ ತರುವ ಅಡಿಕೆ ಮರದ ಕಾಲುವೆ. ಪಳ್ಳ, ಒಸರು, ಬೈಲು, ಮುರ. ಇವು ನಮ್ಮ ದಿನದ ಮಾತು.

ಆ ಕಲಿತದ್ದು ಹೊಸ ಫೋನಿಗೆ ಬರಲಿಲ್ಲ. ಸಾಗಣೆಯ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಮೊದಲ ವಾರ ನಾನು ಪಂಚಾಯತಿನ ಒಂದು ಗುಂಪಿಗೆ ಬರೆದೆ, ನಮ್ಮ ವಾರ್ಡಿನ ಮೂರು ಮದಕಗಳ ಹೂಳು ತೆಗೆಯಬೇಕು ಅಂತ. ಹೋದದ್ದು ಮಾದಕ. ಅಮಲಿನ ಮಾದಕ. ತಿದ್ದಿ ಕಳಿಸಿದೆ, ಆದರೆ ಮನಸ್ಸಿಗೆ ನೋವಾಯಿತು. ಕಟ್ಟ ಬರೆದರೆ ಕಟ್ಟು ಆಗುತ್ತಿತ್ತು. ದಂಬೆ ಬರೆದರೆ ದಂಡೆ. ನೀರು ಹಿಡಿಯುವ ಒಂದೊಂದು ಶಬ್ದವನ್ನೂ ಫೋನು ತಪ್ಪು ಅಂತ ತಿದ್ದುತ್ತಿತ್ತು. ಮೊದಲೇ ನಮ್ಮ ಊರುಗಳ ಹೆಸರು ಒಂದು ಬೋರ್ಡಿನಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ. ಮಧೂರು, ಮಧೂರ್. ಕುಂಬಳೆ, ಕುಂಬ್ಳ. ಮಂಜೇಶ್ವರ, ಮಂಜೇಶ್ವರಂ. 1956ರಲ್ಲಿ ಈ ನೆಲ ಕೇರಳಕ್ಕೆ ಸೇರಿದ ಮೇಲೆ ಹೆಸರು ಸರಿಯಾಗಿ ಬರೆಯಿಸುವುದೇ ನಮಗೆ ಒಂದು ಕೆಲಸ. ಕೈಯಲ್ಲಿರುವ ಫೋನೂ ನಮ್ಮ ಮಾತನ್ನು ತಿದ್ದಲು ಬಂದರೆ ಸುಮ್ಮನಿರಲು ಆಗುತ್ತದಾ?

ಹಾಗಾಗಿ ಅದಕ್ಕೆ ಮತ್ತೆ ಕಲಿಸಲು ನಿಂತೆ. ಆಗಸ್ಟಿನಲ್ಲಿ ಒಂದು ದಿನ ಮಳೆಗೆ ಆಟದ ಪಿರಿಯಡ್ ಇಲ್ಲವಾಯಿತು. ಏಳನೇ ಕ್ಲಾಸಿನ ಮಕ್ಕಳನ್ನು ಕೂರಿಸಿಕೊಂಡು, ನೀರಿಗೆ ಸಂಬಂಧಪಟ್ಟ ನಿಮ್ಮ ಮನೆಯ ಶಬ್ದ ಹೇಳಿ ಅಂದೆ. ಅವರು ಹೇಳಿದ ಹಾಗೆ ನಾನು ನೋಟ್ಸಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದೆ. ಕೀಬೋರ್ಡ್ ತೋರಿಸಿದ ಶಬ್ದ ಒತ್ತದೆ, ನಾನು ಬರೆದದ್ದನ್ನೇ ಉಳಿಸಿದೆ. ಒಂದು ಹುಡುಗಿ "ಸರ್, ಗುಂಪೆ" ಅಂದಳು. ಗುಂಪೆ ಅಂದರೆ ತೋಟದ ಮೂಲೆಯ ಸಣ್ಣ ಬಾವಿ ಅಂತ ಅವಳ ಅಜ್ಜಿ ಹೇಳುತ್ತಾರಂತೆ. ಅದು ನನ್ನ ಹಳೆ ಫೋನಿನಲ್ಲೂ ಇರಲಿಲ್ಲ. ಬೆಲ್ಲು ಹೊಡೆಯುವಾಗ ಎಂಬತ್ತು ಶಬ್ದ ಆಗಿತ್ತು.

ಪದೇ ಪದೇ ಬರೆಯುವ ಸಾಲುಗಳಿಗೆ ಐಫೋನಿನಲ್ಲಿ ಟೆಕ್ಸ್ಟ್ ರಿಪ್ಲೇಸ್‌ಮೆಂಟ್ ಅಂತ ಒಂದು ಅನುಕೂಲ ಇದೆ. ಮೂರು ಇಂಗ್ಲಿಷ್ ಅಕ್ಷರಕ್ಕೆ ಒಂದು ಕನ್ನಡ ಸಾಲನ್ನು ಕಟ್ಟಿಡಬಹುದು. ಈಗ ನಾನು ಎಸ್, ಆರ್, ಜಿ ಒತ್ತಿದರೆ "ಸುರಂಗದ ಹೆಸರು, ಜಾಗ, ಉದ್ದ, ಕೊರೆದವರು" ಅಂತ ಬರುತ್ತದೆ. ತುಂಬಿಸಿದರೆ ಆಯಿತು.

ಸೆಪ್ಟೆಂಬರಿನಲ್ಲಿ ಐಓಎಸ್ 18 ಬಂತು. ಅದರಲ್ಲಿ ಕನ್ನಡಕ್ಕೆ ಅಕ್ಷರಮಾಲೆಯ ಕ್ರಮದ ಕೀಬೋರ್ಡ್ ಸೇರಿತ್ತು. ಇದರಿಂದ ಲಾಭ ಆದದ್ದು ಅಮ್ಮನಿಗೆ. ಅವರು ಈ ತನಕ ಫೋನಿನಲ್ಲಿ ಬರೆದವರಲ್ಲ, ಸ್ವರ ಮಾತ್ರ ಕಳಿಸುತ್ತಿದ್ದರು. ಅ, ಆ, ಇ, ಈ ಸಾಲಾಗಿ ಇರುವುದನ್ನು ನೋಡಿ ನನ್ನ ಕೈಯಿಂದ ಫೋನು ತೆಗೆದುಕೊಂಡು, ಕನ್ನಡಕ ಸರಿಮಾಡಿ, ತೋರುಬೆರಳಿನಲ್ಲಿ ಹುಡುಕಿ ಹುಡುಕಿ ತಮ್ಮನಿಗೆ ಬರೆದರು: "ಊಟ ಆತೋ". ಬರೆದು ಮುಗಿಯುವಾಗ ಕಾಲು ಗಂಟೆ ಆಗಿತ್ತು. ದೋಹಾದಿಂದ ಕೂಡಲೇ ಕರೆ ಬಂತು, ಅಮ್ಮನೇ ಬರೆದದ್ದಾ ಅಂತ.

ಇನ್ನೊಂದು ವಿಷಯ ಉಳಿದಿದೆ. ಹಳೆ ಫೋನನ್ನು ಅಳಿಸುವ ಮೊದಲು ರೆಕಾರ್ಡಿಂಗ್‌ಗಳನ್ನು ನನ್ನ ಪುಸ್ತಕದ ಪಟ್ಟಿಯ ಜೊತೆ ಒಂದೊಂದಾಗಿ ತಾಳೆ ನೋಡಿದೆ. ಪುಸ್ತಕದಲ್ಲಿ 214. ಹೊಸ ಫೋನಿನಲ್ಲಿ 213. ಎರಡು ಸಂಜೆ ಹುಡುಕಿದೆ. ಪೆನ್‌ಡ್ರೈವಿನಲ್ಲೂ 213, ಶಾಲೆಯ ಕಂಪ್ಯೂಟರಿನಲ್ಲೂ 213. ಇಲ್ಲದ್ದು ಬಾಯಾರು ಕಡೆಯ ಒಬ್ಬ ಹಿರಿಯರದ್ದು. ನಲುವತ್ತು ವರ್ಷ ಸುರಂಗ ಕೊರೆದವರು. ಕಾಲು ನೋವಿನಿಂದ ಹೊರಗೆ ಬರಲಾಗದೆ, ಫೋನಿನಲ್ಲೇ ಮಾತಾಡಿದ್ದರು. ಅದು ನೆನಪಾದಾಗ ತಿಳಿಯಿತು. ಅವರ ಒಪ್ಪಿಗೆ ಕೇಳಿ ಆ ಕರೆಯನ್ನು ರೆಕಾರ್ಡ್ ಮಾಡಿದ್ದೆ. ಕರೆಯ ರೆಕಾರ್ಡಿಂಗ್ ಇರುವುದು ಬೇರೆಯೇ ಫೋಲ್ಡರಿನಲ್ಲಿ. ನಾನು ಅದನ್ನು ನೋಡಿರಲೇ ಇಲ್ಲ. ತೆರೆದರೆ ಅಲ್ಲಿ ಇತ್ತು. ಒಳಗೆ ಹೋಗುವಾಗ ಮೇಣದ ಬತ್ತಿ ಎದುರಿಗೆ ಇರಬೇಕು, ಅದರ ಉರಿ ಸಣ್ಣದಾದರೆ ಒಳಗೆ ಗಾಳಿ ಸಾಲದು ಅಂತ ತಿಳಿದು ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು ಅಂತ ಅವರು ನಿಧಾನವಾಗಿ ಹೇಳುವ ಸ್ವರ. ಫೋನು ಬದಲಿಸುವವರು ದಯವಿಟ್ಟು ಪಟ್ಟಿ ಹಿಡಿದು ತಾಳೆ ನೋಡಿ, ಆಮೇಲೆಯೇ ಹಳೆಯದನ್ನು ಅಳಿಸಿ ಅಥವಾ ಮಾರಿ. ನಾನಂತೂ ಇನ್ನೂ ಅಳಿಸಿಲ್ಲ. ಕಪಾಟಿನಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡುತ್ತಿದ್ದೇನೆ.

ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಮಕ್ಕಳ ಜೊತೆ ಇನ್ನೊಂದು ಸುರಂಗಕ್ಕೆ ಹೋದೆವು. ಪಡ್ರೆಯ ಕಡೆ, ಗುಡ್ಡದ ಮೇಲೆ ಒಂದು ಹಳೆ ಮದಕದ ಕೆಳಗೆ. ಬಾಯಿಯಲ್ಲಿ ಜರಿಗಿಡ ತುಂಬಿತ್ತು, ನೀರು ಕಾಲಿನ ಮಣಿಗಂಟಿನ ತನಕ. ಗುಂಪೆ ಅಂದ ಅದೇ ಹುಡುಗಿ ಫೋನು ಹಿಡಿದು ಬರೆಯುತ್ತಿದ್ದಳು. "ಸರ್, ಮದಕ ಬರ್ತದೆ" ಅಂದಳು. ಬಗ್ಗಿ ನೋಡಿದೆ. ಕೀಬೋರ್ಡಿನ ಮೇಲೆ ಮೊದಲು ಇದ್ದದ್ದು ಈಗಲೂ ಮಾದಕ. ಎರಡನೆಯದು ಮದಕ. ಅವಳು ಎರಡನೆಯದನ್ನು ಒತ್ತಿದಳು.